ಹೊಳೆಮ್ಮನ ದನಿ

ನನ್ನ ಹೆಂಡತಿ ಹೊಳೆಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ಅವಳ ಮುಖ ನನಗೆ ಮರೆತಿರಲಿಲ್ಲ. ಕಣ್ಣು ಮುಚ್ಚಿದರೆ ಎಡಗೆನ್ನೆಯ ಮೇಲೆ ಒಲೆಯ ಕಿಡಿ ಹಾರಿ ಆಗಿದ್ದ ಸಣ್ಣ ಕಲೆಯೂ ಕಾಣುತ್ತಿತ್ತು. ಆದರೆ ದನಿ ಹೋಗುತ್ತಿತ್ತು. ಮೊದಮೊದಲು ಬೆಳಿಗ್ಗೆ ಎದ್ದರೆ ಹಿತ್ತಲಿನಲ್ಲಿ ಎಮ್ಮೆಯನ್ನು ಬಯ್ಯುವ ದನಿ ತಾನಾಗಿ ಕಿವಿಗೆ ಬರುತ್ತಿತ್ತು. ಆಮೇಲೆ ನೆನೆಸಿಕೊಂಡರೆ ಬರುತ್ತಿತ್ತು. ದೀಪಾವಳಿಯ ಹೊತ್ತಿಗೆ ಎಷ್ಟು ನೆನೆಸಿಕೊಂಡರೂ ಮಾತು ಮಾತ್ರ ನೆನಪಾಗಿ ದನಿ ಬರದಂತಾಯಿತು. ಅವಳು ಆಡಿದ್ದನ್ನೆಲ್ಲ ನನ್ನ ಮನಸ್ಸು ನನ್ನ ದನಿಯಲ್ಲಿಯೇ ಆಡುತ್ತಿತ್ತು.

ಮನೆಯಲ್ಲಿದ್ದ ಎರಡು ಫೋನುಗಳನ್ನೂ ಸೊಸೆ ಪಂಪಾವತಿ ಹುಡುಕಿದಳು. ಹತ್ತೊಂಬತ್ತು ಫೋಟೋ ಸಿಕ್ಕವು. ದನಿ ಒಂದರಲ್ಲಿಯೂ ಇರಲಿಲ್ಲ. ಹೊಳೆಮ್ಮನಿಗೆ ಫೋನು ಎಂದರೆ ಸಂಕೋಚ. ಕಿವಿಗೆ ಹಿಡಿದರೆ 'ಹ್ಞೂ' ಎಂದು ಬೇರೆಯವರ ಕೈಗೆ ದಾಟಿಸಿಬಿಡುತ್ತಿದ್ದಳು. ಒಂದು ಮದುವೆಯ ವಿಡಿಯೋದಲ್ಲಿ ಅಕ್ಕಿಕಾಳು ಹಿಡಿದು ನಡೆದು ಹೋಗುತ್ತಾಳೆ. ಅದರಲ್ಲಿಯೂ ಬೆನ್ನು ಈ ಕಡೆ, ಸುತ್ತ ಬ್ಯಾಂಡಿನ ಗದ್ದಲ.

ಇಂಥ ಹೊತ್ತಿನಲ್ಲಿ ಗಾಯತ್ರಿಯ ಫೋನು ಬಂತು. ಗಾಯತ್ರಿ ಗಾದಿಗನೂರಿನಲ್ಲಿರುವ ನನ್ನ ತಮ್ಮನ ಮೊಮ್ಮಗಳು. ಕಾಲೇಜಿನಲ್ಲಿ ಸಿನಿಮಾ ಮಾಡುವ ವಿದ್ಯೆ ಓದುತ್ತಿದ್ದಳು. ಕಳೆದ ಮಾಘ ಮಾಸದಲ್ಲಿ ನಮ್ಮ ಮನೆಯಲ್ಲೇ ಮೂರು ದಿನ ಇದ್ದು, ಹೊಳೆಮ್ಮನನ್ನು ಕೂರಿಸಿ ಹನ್ನೆರಡು ನಿಮಿಷದ ಒಂದು ಸಿನಿಮಾ ತೆಗೆದಿದ್ದಳು.

"ತಾತ, ನಮ್ಮ ಪಿಚ್ಚರಿಗೆ ಪ್ರಶಸ್ತಿ ಬಂತು. ಬೆಂಗಳೂರಾಗ ಎಪ್ಪತ್ತು ಕಾಲೇಜು ಬಂದಿದ್ದವು. ಅಜ್ಜಿ ಗೆದ್ದಳು ನೋಡ್ರಿ!" ಎಂದಳು. ಆಮೇಲೆ ಅತ್ತಳು. ಬರುವ ಭಾನುವಾರ ಹೊಸಪೇಟೆಯಲ್ಲಿ ಅದನ್ನು ತೋರಿಸುತ್ತಾರೆ, ತಾವು ಬರಲೇಬೇಕು ಎಂದಳು.

ಪ್ರಶಸ್ತಿಯ ಮಾತು ನನ್ನ ಕಿವಿಯಲ್ಲಿ ನಿಲ್ಲಲಿಲ್ಲ. ಆ ಸಿನಿಮಾದಲ್ಲಿ ಹೊಳೆಮ್ಮ ಮಾತಾಡುತ್ತಾಳೆ ಎನ್ನುವುದೊಂದೇ ನಿಂತಿತು. ಐದು ತಿಂಗಳು ನನಗೆ ಅದು ಹೇಗೆ ಹೊಳೆಯಲಿಲ್ಲವೋ! ದೇವರ ಜಗಲಿಯ ಮುಂದೆ ಹೋಗಿ ನಿಂತು, ಸ್ವಾಮಿ ವಿರೂಪಾಕ್ಷ, ಒಂದೇ ಸಲ ಕೇಳಿಸಪ್ಪ, ಆಮೇಲೆ ಏನೂ ಕೇಳುವುದಿಲ್ಲ ಎಂದೆ.

ಆ ಮೂರು ದಿನದ ಸಂಗತಿಯನ್ನು ಹೇಳಬೇಕು.

ಸಿನಿಮಾದ ಹೆಸರು 'ತೆಪ್ಪ ಬರುವ ತನಕ'. ನಮ್ಮ ಬುಕ್ಕಸಾಗರದ ಹೊಳೆಗೆ ಸೇತುವೆ ಆಗುವ ಮೊದಲು ಜನ ತೆಪ್ಪದಲ್ಲಿ ಆಚೆ ದಂಡೆಗೆ ಹೋಗುತ್ತಿದ್ದರು. ಕತೆಯಲ್ಲಿ ಒಬ್ಬ ಮುದುಕಿ, ಅವಳ ಮಗಳು ಬಹಳ ಹಿಂದೆ ತೆಪ್ಪದಲ್ಲಿ ಹೋದವಳು. ಸೇತುವೆ ಆಗಿ ಬಸ್ಸು ಓಡಾಡಿದರೂ ಮುದುಕಿ ಮಾತ್ರ ತೆಪ್ಪದ ದಾರಿ ಕಾಯುತ್ತಾಳೆ. ದಿನವೂ ಹೊತ್ತು ಮುಳುಗುವಾಗ ಹೊಸ್ತಿಲ ಮೇಲೆ ಕೂತು, ಇಲ್ಲದ ಮಗಳ ಸಂಗಡ ಮಾತಾಡುತ್ತಾಳೆ.

ನಮ್ಮ ಮನೆಯ ಬಾಗಿಲು ಪಡುವಣಕ್ಕೆ. ಮುಂದೆ ಗದ್ದೆ. ಸಂಜೆಯ ಬೆಳಕು ಗದ್ದೆಯ ನೀರಿಗೆ ಬಿದ್ದು ಅಲ್ಲಿಂದ ಹೊಸ್ತಿಲಿಗೆ ಬರುತ್ತದೆ. ಗಾಯತ್ರಿಗೆ ಬೇಕಾದದ್ದು ಅದೇ ಬೆಳಕು. ದಿನಕ್ಕೆ ಹೆಚ್ಚೆಂದರೆ ಇಪ್ಪತ್ತು ನಿಮಿಷ ಇರುತ್ತಿತ್ತು.

ನನ್ನ ಪೂಜೆಯ ಹೊತ್ತೂ ಅದೇ. ನಲವತ್ತೊಂದು ವರ್ಷದ ಹಿಂದೆ, ಎರಡನೆಯ ಹೆರಿಗೆಯಲ್ಲಿ ಹೊಳೆಮ್ಮನಿಗೆ ರಕ್ತ ನಿಲ್ಲಲಿಲ್ಲ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಕಂಪ್ಲಿಯ ಆಸ್ಪತ್ರೆಗೆ ಒಯ್ದೆವು. ಕೂಸು ಉಳಿಯಲಿಲ್ಲ. ತಾಯಿಯ ಮಾತೂ ಹೇಳಲಾಗದು ಎಂದರು. ನಾನು ಹೊರಗೆ ಬಂದು ಹಂಪಿಯ ದಿಕ್ಕಿಗೆ ತಿರುಗಿ ನಿಂತೆ. ಹೊತ್ತು ಮುಳುಗುತ್ತಿತ್ತು. ಇವಳು ಬದುಕಿದರೆ ಈ ಹೊತ್ತಿಗೆ ದಿನವೂ ನಿನ್ನ ಮುಂದೆ ಗಂಟೆ ಬಾರಿಸುತ್ತೇನೆ, ನಾನು ಇರುವ ತನಕ ತಪ್ಪಿಸುವುದಿಲ್ಲ ಎಂದು ಹರಕೆ ಹೊತ್ತೆ. ಅವಳು ಬದುಕಿದಳು. ಅಂಚೆ ಕಚೇರಿಯ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಇದ್ದೆ. ಒಂದು ಸಂಜೆಯೂ ತಪ್ಪಿಸಲಿಲ್ಲ. ಬೇರೆ ಊರಿಗೆ ಹೋಗಲೇಬೇಕಾದರೆ ಸಣ್ಣ ಗಂಟೆಯೊಂದು ಕೈಚೀಲದಲ್ಲಿ ಇರುತ್ತಿತ್ತು. ಬಸ್ಸಿನಲ್ಲಿಯೂ ಬಾರಿಸಿದ್ದೇನೆ. ಜನ ನಕ್ಕಿದ್ದಾರೆ.

ಮೊದಲನೆಯ ದಿನ ಸಂಜೆ ಹೊಳೆಮ್ಮ ಹೊಸ್ತಿಲ ಮೇಲೆ ಕೂತಳು. ಸಂಡೂರಿನ ಹುಲಿಗೇಶ್ ಎಂಬ ತೆಳ್ಳನೆಯ ಹುಡುಗ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು, ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಮೈಕನ್ನು ಅವಳ ತಲೆಯ ಮೇಲೆ ಹಿಡಿದ. ಮೈಕಿನ ಸುತ್ತ ಬೂದುಬಣ್ಣದ ತುಪ್ಪಳವಿತ್ತು.

"ಏನಪ್ಪ, ಈ ನಾಯಿಮರಿ ಕಚ್ಚತೈತೇನು?" ಎಂದಳು ಹೊಳೆಮ್ಮ.

"ಇಲ್ಲಜ್ಜಿ, ನೀವು ಮಾತಾಡಿದ್ದೆಲ್ಲ ತಿಂತೈತಿ."

"ಹಂಗಾದ್ರ ಇವತ್ತು ಅದರ ಹೊಟ್ಟಿ ಒಡೀತದ ಬಿಡು."

ಎಲ್ಲರೂ ನಕ್ಕರು. ಕ್ಯಾಮೆರಾ ಶುರುವಾಯಿತು. ಅವಳು ಮಾತು ಎತ್ತಿದಳು. ನಾನು ಒಳಗೆ ಜಗಲಿಯ ಮುಂದೆ ನಿಂತು ಗಂಟೆ ಎತ್ತಿದೆ.

ಗಾಯತ್ರಿ ಓಡಿ ಬಂದಳು. "ತಾತ, ತಾತ, ಮೂರೇ ದಿನ! ಒಂದು ಅರ್ಧ ತಾಸು ತಡಾ ಬಾರಿಸ್ರಿ. ದನಿ ಎಲ್ಲಾ ಕೆಡತೈತಿ."

"ನಿನ್ನ ಕ್ಯಾಮೆರಾ ಬಂದೈತಿ ಅಂತ ಸೂರ್ಯ ತಡಾ ಮುಳುಗತಾನೇನವ್ವಾ? ದೇವರ ಹೊತ್ತು ದೇವರದು."

"ನನಗೂ ಅದೇ ಹೊತ್ತು ಬೇಕಲ್ರಿ ತಾತ!"

ಹೊಸ್ತಿಲಿನಿಂದ ಹೊಳೆಮ್ಮ ಹೇಳಿದಳು: "ತಾತ ಮೊಮ್ಮಗಳು ಇಬ್ಬರೂ ಸೂರ್ಯನ್ನ ಹಿಡ್ಕೊಂಡು ಜಗ್ಗಾಡ್ರಿ. ನಾ ನಡುವ ಕುಂತಿರತೀನಿ. ಗಾಯತ್ರಿ, ಬಿಡವ್ವಾ, ಅವರು ಬಾರಿಸ್ಲಿ. ಅದು ನನ್ನ ಸಲುವಾಗಿ ಬಾರಸೋ ಗಂಟಿ. ನಾ ಜೋರಾಗಿ ಮಾತಾಡ್ತೀನಿ."

ಅವಳು ಹೇಳಿದ ಹಾಗೆ ನಡೆಯಿತು. ಮೂರು ಸಂಜೆಯೂ ಅವಳು ಮಾತಾಡಿದಳು, ಮೂರು ಸಂಜೆಯೂ ನಾನು ಬಾರಿಸಿದೆ. ಹುಲಿಗೇಶ್ ಒಂದು ಮಾತೂ ಆಡಲಿಲ್ಲ. ಹೆಡ್‌ಫೋನಿನ ಮೇಲೆ ಎರಡೂ ಕೈ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿರುತ್ತಿದ್ದ. ಭಕ್ತಿಯಿಂದ ಕೇಳುತ್ತಿದ್ದಾನೆ ಎಂದುಕೊಂಡೆ.

ಕೊನೆಯ ದಿನ ಪೂಜೆ ಮುಗಿದು ಬೆಳಕೂ ಹೋದ ಮೇಲೆ ಅವನು ಬಂದು, "ತಾತ, ಈಗ ಎಲ್ಲರೂ ಇದ್ದಲ್ಲೇ ಒಂದು ನಿಮಿಷ ಸುಮ್ನ ಕುಂದ್ರಬೇಕ್ರಿ. ಏನೂ ಮಾತಾಡಬಾರದು, ಅಲುಗಾಡಬಾರದು" ಎಂದ. ಮಾತಿಲ್ಲದ ಮೇಲೆ ಮೈಕು ಯಾಕೆ ಎಂದು ನನಗೆ ತಿಳಿಯಲಿಲ್ಲ. ಆದರೂ ಕೂತೆ. ಹೊಳೆಮ್ಮ ಹೊಸ್ತಿಲ ಮೇಲೆಯೇ ಕೂತಿದ್ದಳು. ಆ ನಿಮಿಷ ಹೇಗೋ ಕಳೆಯಿತು. ಮಕ್ಕಳು ಸಾಮಾನು ಕಟ್ಟಿಕೊಂಡು ಹೋದರು.

ಚೈತ್ರದಲ್ಲಿ ಹೊಳೆಮ್ಮನಿಗೆ ಉಸಿರು ಸಾಲದಾಯಿತು. ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದ ವೈದ್ಯರು, ಇದು ಇವತ್ತಿನದಲ್ಲ, ಬಹಳ ದಿನದ್ದು ಎಂದರು. ಜ್ಯೇಷ್ಠದ ಹುಣ್ಣಿಮೆ ಕಳೆದು ನಾಲ್ಕನೆಯ ದಿನ ಹೋದಳು. ಹರಕೆ ಯಾರ ಸಲುವಾಗಿ ಹೊತ್ತಿದ್ದೆನೋ ಅವಳೇ ಹೋದ ಮೇಲೂ ನಾನು ಗಂಟೆ ಬಿಡಲಿಲ್ಲ. ನಾನು ಇರುವ ತನಕ ಎಂದು ಹೇಳಿದ್ದೆನಲ್ಲ.

ಭಾನುವಾರ ಬೆಳಿಗ್ಗೆ ಮಗ ಹನುಮೇಶನ ಆಟೋದಲ್ಲಿ ಮೊದಲು ಹಂಪಿಗೆ ಹೋದೆವು. ಅವನು ಅಲ್ಲಿ ಪ್ರವಾಸಿಗಳಿಗೆ ಆಟೋ ಓಡಿಸುತ್ತಾನೆ. ಹೊಳೆಯಲ್ಲಿ ಮಿಂದು ಸ್ವಾಮಿಯ ದರ್ಶನ ಮಾಡಿದೆ. ಪಂಪಾವತಿ ಬುತ್ತಿ ಬಿಚ್ಚಿದಳು. ನಾನು ಮುಟ್ಟಲಿಲ್ಲ.

"ಯಾಕ ಮಾವ?"

"ನಿಮ್ಮತ್ತಿ ದನಿ ಕೇಳಿ ಉಣ್ಣತೀನಿ."

ಅವಳು ಮುಖ ಆಚೆ ತಿರುಗಿಸಿ ಬುತ್ತಿ ಕಟ್ಟಿದಳು.

ಹೊಸಪೇಟೆಯ ಆ ಸಭಾಂಗಣದಲ್ಲಿ ಇನ್ನೂರು ಜನ ಇದ್ದಿರಬೇಕು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಒಬ್ಬರು ಮಾತಾಡಿದರು. ಮಕ್ಕಳು ತೆಗೆದ ಈ ಸಿನಿಮಾದಲ್ಲಿ ಆ ಮನೆಯ ನಿಶ್ಶಬ್ದವನ್ನು ತೀರ್ಪುಗಾರರು ವಿಶೇಷವಾಗಿ ಮೆಚ್ಚಿದರು, ಶಬ್ದಕ್ಕೆಂದೇ ಇನ್ನೊಂದು ಪ್ರಶಸ್ತಿಯೂ ಬಂತು ಎಂದರು. ದೀಪ ಆರಿತು. ನಾನು ಕಿವಿಯ ಮೇಲಿನ ಟವೆಲನ್ನು ಸರಿಸಿ ಮುಂದಕ್ಕೆ ಬಾಗಿ ಕೂತೆ.

ಹೊಳೆ ಬಂತು. ಸೇತುವೆ ಬಂತು. ನಮ್ಮ ಗದ್ದೆ ಬಂತು. ಹೊಳೆಮ್ಮ ಬಂದಳು. ಗೋಡೆಯಷ್ಟು ದೊಡ್ಡದಾಗಿ ಹೊಸ್ತಿಲ ಮೇಲೆ ಕೂತಿದ್ದಳು. ಕಿವಿಯ ಓಲೆಯ ಮೇಲೆ ಸಂಜೆಯ ಬೆಳಕಿತ್ತು, ಕೆನ್ನೆಯ ಮೇಲೆ ಕಲೆಯಿತ್ತು. ಅವಳು ಸೆರಗು ಸರಿಮಾಡಿಕೊಂಡು ಬಾಯಿ ತೆರೆದಳು.

"ತೆಪ್ಪ ಬಂತೇನವ್ವಾ ಮಗಳ?"

ಅದು ಅವಳ ದನಿಯಾಗಿರಲಿಲ್ಲ.

ದನಿ ಮೆತ್ತಗೆ, ತುಂಬಿಕೊಂಡಿತ್ತು. ಒಳ್ಳೆಯ ದನಿಯೇ. ಆದರೆ ಬೇರೊಬ್ಬ ಹೆಂಗಸಿನದು. ಹೊಳೆಮ್ಮನ ತುಟಿ ಅಲುಗುತ್ತಿತ್ತು, ಬೇರೊಬ್ಬಳು ಮಾತಾಡುತ್ತಿದ್ದಳು. ನಾನು ಮರೆತೆನೋ ಎಂದು ಒಂದು ಕ್ಷಣ ಭಯವಾಯಿತು. ಪಂಪಾವತಿಯ ಕಡೆ ತಿರುಗಿದೆ. ಅವಳು ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು.

"ಇದು ನಿಮ್ಮತ್ತಿ ಅಲ್ಲಲ್ಲ?"

"ಅಲ್ಲ ಮಾವ."

ಆಮೇಲಿನ ಹತ್ತು ನಿಮಿಷ ನಾನು ಹೇಗೆ ಕೂತಿದ್ದೆನೋ ತಿಳಿಯದು. ಜನ ಅಳುತ್ತಿದ್ದರು. ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಗಾಯತ್ರಿ ನನ್ನ ಕಾಲಿಗೆ ಬಿದ್ದು ಏಳುವಾಗ ಮೆಲ್ಲಗೆ ಕೇಳಿದೆ: "ಅಜ್ಜಿ ದನಿ ಎಲ್ಲಿ ಹೋತವ್ವಾ?"

"ಅದು... ತಾತ, ಗಾಳಿ ಭಾಳ ಇತ್ತು. ಗದ್ದಿ ಗಾಳಿ. ಮೈಕಿನಾಗ ಸರಿ ಬರಲಿಲ್ಲ. ಅದಕ್ಕ ಬ್ಯಾರೆಯವರ ಕಡೆಯಿಂದ ಹೇಳಿಸಿದ್ವಿ. ಅಜ್ಜಿ ಆಗ ಆಸ್ಪತ್ರೆಯಾಗ ಇದ್ರಲ್ಲ. ಕಳಿಸೋ ದಿನ ಮುಗೀತಾ ಬಂದಿತ್ತು."

ಮಾಘ ಮಾಸದ ಸಂಜೆಯಲ್ಲಿ ನಮ್ಮ ಗದ್ದೆಗೆ ಎಲ್ಲಿಯ ಗಾಳಿ ಎಂದುಕೊಂಡೆ. ಕೇಳಲಿಲ್ಲ. ಜನರ ಮುಂದೆ ಮಗುವನ್ನು ನೋಯಿಸುವುದು ಬೇಡ ಎನಿಸಿತು.

ಹೊರಗೆ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಬಂದು ಕೈ ಮುಗಿದಳು. ಐವತ್ತರ ಮೇಲೆ ವಯಸ್ಸು, ಹಣೆಯ ತುಂಬ ಕುಂಕುಮ. ಬಾಯಿ ಬಿಡುತ್ತಲೇ ಯಾರೆಂದು ಗೊತ್ತಾಯಿತು.

"ಹಿರಿಯಾರ, ನಾನು ಕಂಪ್ಲಿ ತಾಯಕ್ಕ ಅಂತ. ನಾಟಕದಾಗ ಪಾತ್ರ ಮಾಡಾಕಿ. ನಿಮ್ಮ ಮನಿಯವರ ಬಾಯಾಗ ನನ್ನ ಮಾತು ಇಟ್ಟೀನಿ. ಅವರು ಹೋಗ್ಯಾರಂತ ಇವತ್ತೇ ಗೊತ್ತಾತ್ರಿ. ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೊಳ್ರಿ."

"ನಿನ್ನ ತಪ್ಪೇನೈತವ್ವಾ? ಚೆಂದ ಹೇಳೀದಿ."

"ನಾ ಏನ್ ಚೆಂದ ಹೇಳಿದೆನ್ರಿ! ಅವರದು ಕೇಳಬೇಕಿತ್ತು. ತುಟಿಗೆ ಮಾತು ಕೂಡಸಾಕ ಮೊದ್ಲು ಅವರ ದನಿ ನನಗ ಕೇಳಸ್ತಿದ್ರು. ಸ್ವಲ್ಪ ಒಡಕ ದನಿ. ಭಾಳ ಖರೇ ದನಿ. ಆದ್ರ ಹಿಂದ ಒಂದ್ ಗಂಟಿ, ಏನ್ ಗಂಟಿರಿ ಅದು! ಢಣಢಣ ಅಂತ ಬಡದದ್ದೇ ಬಡದದ್ದು. ಗಂಟಿ ಸಂದ್ಯಾಗ ಅವರ ಮಾತು ಹುಡುಕಿ ಹುಡುಕಿ ಸಾಕಾತು. ಯಾರೋ ಪುಣ್ಯಾತ್ಮ ಬಿಟ್ಟೂ ಬಿಡದ ಹಂಗ..."

ಗಾಯತ್ರಿ ಬಂದು ಅವಳ ಕೈ ಹಿಡಿದಳು. ತಾಯಕ್ಕ ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹನುಮೇಶ್ ನೀರು ತಂದ. ಕುಡಿಯಲಿಲ್ಲ. ಮೈಕು ಹಿಡಿದಿದ್ದ ಹೊಳೆಮ್ಮನ ದನಿಯನ್ನು ಕಡೆಯದಾಗಿ ಕೇಳಿದವಳು ಕಂಪ್ಲಿಯ ಒಬ್ಬ ನಾಟಕದ ಹೆಂಗಸು. ಅದನ್ನು ಅವಳಿಗೂ ಸರಿಯಾಗಿ ಕೇಳಗೊಡದವನು ನಾನು.

"ಗಂಟಿ ಇದ್ರೂ ಇರ್ಲಿ. ಆ ದನಿ ಎಲ್ಲೈತಿ, ಅದನ್ನ ಕೊಡು" ಎಂದೆ.

ಗಾಯತ್ರಿ ನನ್ನ ಕಾಲ ಹತ್ತಿರ ಕೂತಳು. "ಇಲ್ಲ ತಾತ. ಎಲ್ಲಾ ಕಾಲೇಜಿನ ಡಿಸ್ಕಿನಾಗ ಇತ್ತು. ಪಿಚ್ಚರ ಮುಗಿದ ಮ್ಯಾಲ ಮುಂದಿನ ವರ್ಷದ ಹುಡುಗ್ರಿಗೆ ಬೇಕಂತ ಅಳಿಸಿ ಕೊಟ್ವಿ. ಪ್ರತಿ ವರ್ಷ ಹಂಗೇ ಮಾಡ್ತಾರ. ಅಜ್ಜಿ ಹೋಗತಾಳ ಅಂತ ನನಗೇನ್ ಗೊತ್ತಿತ್ತು ತಾತ? ನಿಮಗ ಹೇಳಾಕ ಬಾಯಿ ಬರಲಿಲ್ಲ." ಕಣ್ಣೊರಸಿಕೊಂಡು, "ಹುಲಿಗೇಶನ ಹತ್ರ ಏನರ ಉಳದಿದ್ರ ಉಳದಿರಬೇಕು" ಎಂದಳು.

ಆ ರಾತ್ರಿಯೂ ನಾನು ಊಟ ಮಾಡಲಿಲ್ಲ. ಹೇಳಿದ ಮಾತು ಹೇಳಿದ ಮಾತೇ.

ಮರುದಿನ ಸಂಡೂರಿಗೆ ಹೋದೆವು. ಗಾಯತ್ರಿ ನಮ್ಮ ಜೊತೆಗೆ ಬಂದಳು. ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಗಿಡಮರದ ಎಲೆಯೆಲ್ಲ ಕೆಂಪಾಗಿತ್ತು. ಆಟೋದಲ್ಲಿ ಕೂತಿದ್ದ ನಮ್ಮ ಬಟ್ಟೆಯೂ ಕೆಂಪಾಯಿತು. ಶಬ್ದಕ್ಕೆ ಪ್ರಶಸ್ತಿ ಪಡೆದ ಹುಲಿಗೇಶ್ ಒಂದು ಗಣಿಯ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದ. ನಿನ್ನೆ ರಜೆ ಸಿಗದೆ ಬಂದಿರಲಿಲ್ಲವಂತೆ. ಇವತ್ತು ಎರಡನೆಯ ಪಾಳಿ, ಮನೆಯಲ್ಲಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿ ನಿಂತ. ಗಾಯತ್ರಿ ಫೋನಿನಲ್ಲಿ ಎಲ್ಲ ಹೇಳಿದ್ದಳು.

"ನೀನರ ಅವತ್ತು ಹೇಳಬೇಕಿತ್ತಲ್ಲಪ್ಪ, ತಾತ ಗಂಟಿ ನಿಲ್ಲಸ್ರಿ ಅಂತ ಗಟ್ಟಿಯಾಗಿ?"

"ಹೇಳಾಕ ಬಂದಿದ್ದೆ ತಾತ. ಎರಡನೇ ದಿನ. ಅಜ್ಜಿ ತಡದ್ರು. 'ಅವರು ಆ ಗಂಟಿ ಬಿಟ್ರ ನಾ ಸಾಯ್ತೀನಿ ಅಂತ ತಿಳ್ಕೊಂಡಾರಪ್ಪ, ಹೋಗಬ್ಯಾಡ' ಅಂದ್ರು. ನಕ್ಕೋಂತ ಅಂದ್ರು."

ನಲವತ್ತೊಂದು ವರ್ಷದಲ್ಲಿ ಅವಳು ಈ ಮಾತನ್ನು ನನಗೆ ಹೇಳಿರಲಿಲ್ಲ.

ಅವನ ತಾಯಿ ತಿಪ್ಪಕ್ಕ ಚಾಪೆ ಹಾಸಿದಳು. ಹುಲಿಗೇಶ್ ಹಳೆಯ ಲ್ಯಾಪ್‌ಟಾಪು ತೆಗೆದು ಬಹಳ ಹೊತ್ತು ಹುಡುಕಿದ. ಒಂದೊಂದನ್ನೇ ತೆರೆಯುವುದು, ಮುಚ್ಚುವುದು. ನಾನು ಅವನ ಬೆರಳನ್ನೇ ನೋಡುತ್ತಿದ್ದೆ. ಕಡೆಗೆ ಅವನು ಕೈ ತೆಗೆದ.

"ಮಾತು ಯಾವುದೂ ಉಳದಿಲ್ಲ ತಾತ. ಒಂದೇ ಐತಿ. ಆದ್ರ ಅದರಾಗ ಮಾತಿಲ್ಲ."

"ಮತ್ತೇನೈತಿ?"

"ಕೊನೇ ದಿನ ಎಲ್ಲರನ್ನೂ ಒಂದು ನಿಮಿಷ ಸುಮ್ನ ಕುಂದರಸಿದ್ನಲ್ರಿ, ಅದು. ಯಾರೂ ಮಾತಾಡದಿದ್ರೂ ಮನಿಗೆ ಒಂದು ಸದ್ದು ಇರತೈತಿ. ಒಂದು ಮನಿದು ಇನ್ನೊಂದು ಮನಿಗೆ ಇರೂದಿಲ್ಲ. ತಾಯಕ್ಕನ ಮಾತು ಹೊಸಪೇಟ್ಯಾಗ ಮುಚ್ಚಿದ ಖೋಲ್ಯಾಗ ಹಿಡಿದದ್ದು. ಬರೇ ಅದನ್ನ ಹಾಕಿದ್ರ ಬಾವ್ಯಾಗಿಂದ ಮಾತಾಡಿದಂಗ ಆಗತೈತಿ. ಅದಕ್ಕ ಕೆಳಗ ನಿಮ್ಮ ಮನಿ ಸದ್ದು ಹಾಸಬೇಕು. ಪಿಚ್ಚರ ತುಂಬಾ ಅದನ್ನೇ ಹಾಸೀನಿ. ಆ ಕೆಲಸ ಇಲ್ಲಿ ಮಾಡಿದ್ದಕ್ಕ ಇದೊಂದು ಉಳೀತು."

ಜನ ಮೆಚ್ಚಿದ ನಿಶ್ಶಬ್ದ ಇದೇ ಎಂದು ಗೊತ್ತಾಯಿತು. "ಹಾಕು" ಎಂದೆ.

ಅವನು ಹೆಡ್‌ಫೋನನ್ನು ನನ್ನ ಕಿವಿಗೆ ತಾನೇ ಇಟ್ಟ.

ಮೊದಲು ಏನೂ ಇಲ್ಲ. ಆಮೇಲೆ ನಮ್ಮ ಮನೆ ಬಂತು. ಕಾಲುವೆಯ ನೀರು. ಮಾಡಿನಲ್ಲಿ ಗುಬ್ಬಿ ಹೊರಳಿದ್ದು. ಹಿತ್ತಲಿನಲ್ಲಿ ಎಮ್ಮೆ ಮೂಗಿನಿಂದ ಉಸಿರು ಬಿಟ್ಟಿದ್ದು. ಬಹಳ ಹತ್ತಿರದಲ್ಲಿ, ನಾಯಿಮರಿಯಂಥ ಆ ಮೈಕಿನ ಕೆಳಗೆ, ಗಾಜಿನ ಬಳೆ ಒಂದು ಸಲ ಸರಿದದ್ದು. ಕೂತಾಗ ಬಳೆಯನ್ನು ಮೇಲಕ್ಕೆ ಏರಿಸಿಕೊಳ್ಳುವ ಚಾಳಿ ಅವಳಿಗಿತ್ತು.

ಆಮೇಲೆ ಉಸಿರು. ಪ್ರತಿ ಉಸಿರಿನ ತುದಿಯಲ್ಲಿ ಸಣ್ಣ ಸೀಟಿಯಂಥ ಸದ್ದು. ಮಾಘದಲ್ಲಿಯೇ ಇತ್ತು. ನಾಲ್ಕು ಮಾರು ದೂರದಲ್ಲಿ ಕೂತಿದ್ದ ನನಗೆ ಕೇಳಿರಲಿಲ್ಲ, ಮೈಕಿಗೆ ಕೇಳಿತ್ತು. ಒಂದು, ಎರಡು, ಮೂರು ಎಂದು ಎಣಿಸಿದೆ. ಹದಿನಾಲ್ಕರ ಮೇಲೆ ಎಣಿಕೆ ತಪ್ಪಿತು.

ನಿಮಿಷದ ಕೊನೆಯಲ್ಲಿ, ಸ್ವಲ್ಪ ಒಡಕಾದ ಗಟ್ಟಿ ದನಿ ಮೆಲ್ಲಗೆ ಕೇಳಿತು:

"ಮುಗೀತೇನ್ರಿ?"

ಅವಳೇ. ನನ್ನ ಹೊಳೆಮ್ಮ. ಐದು ತಿಂಗಳಿಂದ ಎಲ್ಲಿ ಹುಡುಕಿದರೂ ಸಿಗದೆ ಇದ್ದದ್ದು ತಾನಾಗಿ ಬಂದು ಕಿವಿಯ ಒಳಗೆ ಕೂತಿತು. ಬಾಯಿ ತೆರೆದು ಏನೋ ಅನ್ನಬೇಕೆನ್ನುವಷ್ಟರಲ್ಲಿ ಇನ್ನೊಂದು ದನಿ ಬಂತು. ಗಡುಸು ದನಿ.

"ಸುಮ್ನಿರಲೇ."

ಅಲ್ಲಿಗೆ ನಿಂತಿತು.

ಆ ದನಿ ನನ್ನದು.

ಹೆಡ್‌ಫೋನು ತೆಗೆಯಲಿಲ್ಲ. ಇನ್ನೊಂದು ಸಲ ಹಾಕು ಎಂದು ಕೈ ಸನ್ನೆ ಮಾಡಿದೆ. ಅವನು ಹಾಕಿದ. ಮತ್ತೆ ಕಾಲುವೆ, ಗುಬ್ಬಿ, ಬಳೆ, ಉಸಿರು. ಮತ್ತೆ ಅವಳು ಕೇಳಿದಳು. ಮತ್ತೆ ನಾನು ಬಾಯಿ ಮುಚ್ಚಿಸಿದೆ. ಆ ಸಂಜೆ ಹೀಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಹೇಳುವ ಮಾತು, ಯಾರು ನೆನಪಿಟ್ಟುಕೊಳ್ಳುತ್ತಾರೆ? ಪಂಪಾವತಿಯೂ ಹೆಡ್‌ಫೋನು ಹಾಕಿಕೊಂಡು ಕೇಳಿದಳು, ಹನುಮೇಶ್ ಕೇಳಿದ. ಹನುಮೇಶ್ ಹೆಡ್‌ಫೋನನ್ನು ಚಾಪೆಯ ಮೇಲಿಟ್ಟು ಹೊರಗೆ ಹೋಗಿ ಆಟೋದ ಗಾಜನ್ನು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

ಹುಲಿಗೇಶ್ ನನ್ನ ಹತ್ತಿರ ಸರಿದು, "ತಾತ, ಫೋನಿಗೆ ಹಾಕಿ ಕೊಡ್ತೀನಿ. ಕೊನೇಕ ನಿಮ್ಮ ಮಾತು ಐತಲ್ರಿ, ಅದನ್ನ ಕತ್ತರಿಸಿ ತೆಗೀಲೇನ್ರಿ? ಅಜ್ಜೀದು ಅಷ್ಟೇ ಉಳೀತೈತಿ. ಒಂದು ಗಳಿಗಿ ಕೆಲಸ" ಎಂದ.

ಅವನ ಮನಸ್ಸು ಒಳ್ಳೆಯದು. ಕತ್ತರಿಸಬಹುದಿತ್ತು. ಅವಳು ಕೇಳುತ್ತಾಳೆ, ಯಾರೂ ಗದರುವುದಿಲ್ಲ. ಮೊಮ್ಮಕ್ಕಳು ನಾಳೆ ಕೇಳಿದರೆ, ತಾತ ಏನೋ ಪ್ರೀತಿಯ ಉತ್ತರ ಕೊಟ್ಟಿರಬೇಕು ಎಂದುಕೊಳ್ಳುತ್ತಾರೆ.

"ಬ್ಯಾಡಪ್ಪ" ಎಂದೆ. "ಹಂಗ ಇರ್ಲಿ. ಹೆಂಗ ಇತ್ತೋ ಹಂಗ."

ತಿಪ್ಪಕ್ಕ ಮಂಡಕ್ಕಿ ಒಗ್ಗರಣೆ ತಟ್ಟೆಗೆ ಹಾಕಿ ತಂದಿಟ್ಟಳು. ದನಿ ಕೇಳಿದ ಮೇಲೆ ಉಣ್ಣುತ್ತೇನೆ ಎಂದು ಹೇಳಿದ್ದೆ. ಕೇಳಿದ್ದಾಗಿತ್ತು. ಪಂಪಾವತಿ ನನ್ನನ್ನೇ ನೋಡುತ್ತಿದ್ದಳು. ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.

"ತಾತ, ನನ್ನ ಮ್ಯಾಲ ಸಿಟ್ಟೇನ್ರಿ?" ಎಂದಳು ಗಾಯತ್ರಿ.

"ನಿನ್ನ ಮ್ಯಾಲ ಯಾಕವ್ವಾ? ನೀ ಕೈ ಮುಗದು ಕೇಳಿದ್ದಿ, ಅರ್ಧ ತಾಸು ಅಂತ." ಅವಳ ತಲೆ ಸವರಿದೆ.

ಹೊತ್ತು ಮುಳುಗುವ ಮೊದಲು ಬುಕ್ಕಸಾಗರ ಸೇರಿದೆವು. ಕೈಕಾಲು ತೊಳೆದು ದೀಪ ಹಚ್ಚಿ ಗಂಟೆ ಕೈಗೆತ್ತಿಕೊಂಡೆ. ಕೈ ಏಳಲಿಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದ್ದು ನನ್ನ ಭಕ್ತಿಯನ್ನು, ಅವಳ ಮಾತನ್ನಲ್ಲ. ಅರ್ಧ ತಾಸು ತಡವಾಗಿದ್ದರೆ ಅವನು ಎಲ್ಲಿಗೆ ಹೋಗುತ್ತಿದ್ದ? ಕಾಯುತ್ತಿದ್ದ. ಅವಳು ನಲವತ್ತೊಂದು ವರ್ಷ ಕಾದಂತೆ.

ಪಂಪಾವತಿ ಒಳಗಿನಿಂದ ಬಂದು, "ಮಾವ, ಗಂಟಿ?" ಎಂದಳು.

"ಒಂದು ನಿಮಿಷ ತಡಿಯವ್ವಾ."

ಹೊಸ್ತಿಲ ಹತ್ತಿರ ಹೋಗಿ, ಅವಳು ಕೂರುತ್ತಿದ್ದ ಜಾಗವನ್ನು ಬಿಟ್ಟು ಪಕ್ಕದಲ್ಲಿ ಕೂತೆ.

ಅಂದಿನಿಂದ ದಿನವೂ ಹಾಗೆಯೇ. ಫೋನಿನಲ್ಲಿರುವುದನ್ನು ಹೆಚ್ಚು ಹಾಕಿಸುವುದಿಲ್ಲ. ಕೇಳಿ ಕೇಳಿ ಸವೆದುಹೋದೀತು ಎಂದು ಹೆದರಿಕೆ. ಹನುಮೇಶ್ ಅದು ಸವೆಯುವುದಿಲ್ಲ ಎನ್ನುತ್ತಾನೆ. ನನಗೆ ನಂಬಿಕೆ ಬರುವುದಿಲ್ಲ.

ಮೊನ್ನೆ ಪಕ್ಕದ ಮನೆಯ ದ್ಯಾಮಕ್ಕ ಬೇಲಿಯ ಆಚೆಯಿಂದ ಕೇಳಿದಳು. "ಏನ್ರಿ ಪಾಲಯ್ಯಾರ, ನಿಮ್ಮ ಗಂಟಿ ಈಗೀಗ ತಡಾ ಆಗೇತಲ್ರಿ? ಆ ಗಂಟಿ ನೋಡೇ ನಾ ಒಲಿ ಹಚ್ಚತಿದ್ದೆ. ವಯಸ್ಸಾತೇನು?"

"ಯಾರರ ಮಾತಾಡೂದು ಇದ್ರ ಮಾತಾಡ್ಲಿ ಅಂತ ಸ್ವಲ್ಪ ತಡಿತೀನಿ ದ್ಯಾಮಕ್ಕ."

ಅವಳು ನನ್ನನ್ನು ನೋಡಿದಳು. ಸೌದೆ ಎತ್ತಿಕೊಂಡು ಒಳಗೆ ಹೋದಳು.

ಹೊತ್ತು ಮುಳುಗುತ್ತದೆ. ಗಂಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲ ಪಕ್ಕದಲ್ಲಿ ಕೂರುತ್ತೇನೆ. ಕಾಲುವೆಯ ನೀರು ಕೇಳುತ್ತದೆ. ಎಮ್ಮೆ ಉಸಿರು ಬಿಡುತ್ತದೆ. ಒಂದು ನಿಮಿಷ ಕಾಯುತ್ತೇನೆ. ಯಾರೂ ಮಾತಾಡುವುದಿಲ್ಲ. ಎದ್ದು ಹೋಗಿ ಬಾರಿಸುತ್ತೇನೆ.